ಮಕಾಂಡೊ ಬಾವಿ: ಒತ್ತಡದ ಲೆಕ್ಕ, ರಾಜಕೀಯದ ಲೆಕ್ಕ



2010ರ ಏಪ್ರಿಲ್ 20ರ ರಾತ್ರಿ ಮೆಕ್ಸಿಕೊ ಕೊಲ್ಲಿಯಲ್ಲಿ ‘ಡೀಪ್‌ವಾಟರ್ ಹೊರೈಜನ್’ ಎಂಬ ತೈಲ ರಿಗ್ ಸ್ಫೋಟಿಸಿತು. ಅದರ ಮೇಲಿದ್ದ 126 ಮಂದಿಯಲ್ಲಿ ಹನ್ನೊಂದು ಜನ ಸತ್ತರು. ಅದು ಕೊರೆಯುತ್ತಿದ್ದ ಮಕಾಂಡೊ ಬಾವಿಯ ಬಾಯಿ ಕಟ್ಟಲು ಜುಲೈ 15 ಬರಬೇಕಾಯಿತು. ಇಷ್ಟು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ಸ್ಫೋಟಕ್ಕೆ ಕೆಲವು ಗಂಟೆ ಮೊದಲು ಕಂಡ ಒಂದು ಅಂಕಿಯ ಬಗ್ಗೆ ಹೇಳಬೇಕೆಂದು ಬಂದಿದ್ದೇನೆ.

ಮಕಾಂಡೊ ಬಾವಿಯ ಮೇಲೆ ಸುಮಾರು 1,500 ಮೀಟರ್ ನೀರು. ಸಮುದ್ರತಳದಿಂದ ಕೆಳಗೆ ಇನ್ನೂ ನಾಲ್ಕು ಕಿಲೋಮೀಟರ್ ಆಳ. ಇಂಥಲ್ಲಿ ತೈಲ, ಅನಿಲ ಮೇಲೆ ನುಗ್ಗದಂತೆ ತಡೆಹಿಡಿಯುವುದು ಬಾವಿಯೊಳಗೆ ತುಂಬಿದ ಭಾರದ ಕೆಸರು. ತಳಕ್ಕೆ ಸಿಮೆಂಟ್ ಹಾಕಿದ ಮೇಲೆ ಆ ಕೆಸರನ್ನು ತೆಗೆದು ಹಗುರವಾದ ಸಮುದ್ರದ ನೀರು ತುಂಬುತ್ತಾರೆ. ಸಿಮೆಂಟ್ ಹಿಡಿದಿದೆಯೇ ಎಂದು ತಿಳಿಯಲು ಒಳಗಿನ ಒತ್ತಡವನ್ನು ಬೇಕೆಂದೇ ಇಳಿಸಿ ನೋಡುತ್ತಾರೆ. ಇಳಿಸಿದ್ದು ಇಳಿದಂತೆಯೇ ಇದ್ದರೆ ಸರಿ. ತಾನಾಗಿ ಏರಿದರೆ ತಳ ಸೋರುತ್ತಿದೆ ಎಂದೇ ಅರ್ಥ. ಅಂದು ಸಂಜೆ ಕೊರೆಯುವ ಕೊಳವೆಯಲ್ಲಿ ಒತ್ತಡ ಚದರ ಅಂಗುಲಕ್ಕೆ 1,400 ಪೌಂಡಿಗೆ ಏರಿ ನಿಂತಿತು. ಪಕ್ಕದ ಸಣ್ಣ ಕೊಳವೆ ಸೊನ್ನೆ ತೋರಿಸಿತು. ಎರಡೂ ಒಂದೇ ಬಾವಿಗೆ ಸೇರಿದವು. ಮೇಲಿನ ಕೆಸರಿನ ಭಾರ ಒತ್ತಿ ಹೀಗಾಗಿದೆ ಎಂಬ ವಿವರಣೆ ಹುಟ್ಟಿಕೊಂಡಿತು. ಸೊನ್ನೆಯನ್ನು ನಂಬಿ ಕೆಲಸ ಮುಂದುವರಿಸಿದರು. ಸಿಮೆಂಟಿನ ಹಿಡಿತ ಅಳೆಯಲು ಬಂದಿದ್ದ ತಂಡವನ್ನು ಅಂದೇ ಬೆಳಿಗ್ಗೆ ಕೆಲಸ ಕೊಡದೆ ವಾಪಸು ಕಳಿಸಿದ್ದರು. ಕೊನೆಯ ಕಾವಲಾಗಿ ಬಾವಿಯ ಬಾಯಿ ಮುಚ್ಚಬೇಕಿದ್ದ ಬ್ಲೋಔಟ್ ಪ್ರಿವೆಂಟರ್ ಯಂತ್ರ ಕೂಡ ಕೈಕೊಟ್ಟಿತು. ಬಾಗಿದ ಕೊಳವೆಯನ್ನು ಅದರ ಅಲಗುಗಳು ಪೂರ್ತಿ ಕತ್ತರಿಸಿ ಮುಚ್ಚಲಿಲ್ಲ. ಅದರ ಒಂದು ನಿಯಂತ್ರಣ ಪೆಟ್ಟಿಗೆಯಲ್ಲಿ ತಂತಿ ತಪ್ಪಾಗಿ ಜೋಡಣೆಯಾಗಿದ್ದದ್ದು ತನಿಖೆಯಲ್ಲಿ ಹೊರಬಿತ್ತು.

ಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಪರೀಕ್ಷೆ ನಡೆಸುವ ಈ ಚಾಳಿ ವಾಷಿಂಗ್ಟನ್ನಿನಲ್ಲೂ ಇತ್ತು. ಮಾರ್ಚ್ 31ರಂದು ಅಧ್ಯಕ್ಷ ಒಬಾಮ ಕಡಲಾಚೆಯ ಕೊರೆತವನ್ನು ವಿಸ್ತರಿಸುವುದಾಗಿ ಘೋಷಿಸಿದ್ದರು; ಎರಡು ದಿನದ ನಂತರ, ಇಂದಿನ ರಿಗ್‌ಗಳಿಂದ ಸಾಮಾನ್ಯವಾಗಿ ಸೋರಿಕೆಯಾಗುವುದಿಲ್ಲ ಎಂದರು. ಜೂನ್‌ನಲ್ಲಿ ಅದೇ ಅಧ್ಯಕ್ಷರು ಯಾರನ್ನು ಒದೆಯಬೇಕೆಂದು ತಜ್ಞರಿಂದ ತಿಳಿಯುತ್ತಿದ್ದೇನೆ ಎಂದು ಟಿವಿಯಲ್ಲಿ ಗುಡುಗಿದರು. ಅತ್ತ ರಿಪಬ್ಲಿಕನ್ ಸಂಸದ ಜೋ ಬಾರ್ಟನ್, 2,000 ಕೋಟಿ ಡಾಲರ್ ಪರಿಹಾರ ನಿಧಿ ಇಡಬೇಕಾಗಿ ಬಂದ, ಬಾವಿಯ ಒಡೆತನದ ಬಿಪಿ ಕಂಪನಿಯ ಕ್ಷಮೆ ಕೇಳಿದರು. ಸ್ವಪಕ್ಷದವರೇ ಗದರಿದ ಮೇಲೆ ಆ ಕ್ಷಮೆಗೂ ಕ್ಷಮೆ ಕೇಳಿದರು! ಲೂಸಿಯಾನದ ಗವರ್ನರ್ ಬಾಬಿ ಜಿಂದಾಲ್ ಸಮುದ್ರದಲ್ಲಿ ಮರಳಿನ ದಿಬ್ಬ ಕಟ್ಟಿಸಲೇಬೇಕೆಂದು ಪಟ್ಟು ಹಿಡಿದರು. ಸುಮಾರು 22 ಕೋಟಿ ಡಾಲರ್ ಸುರಿದ ಮೇಲೆ ಅವು ತಡೆದದ್ದು ಸಾವಿರ ಬ್ಯಾರಲ್ಲಿನ ಆಸುಪಾಸು. ಬಾವಿಯಿಂದ ಹೊರಬಂದದ್ದು, ಸರ್ಕಾರದ ಅಂದಾಜಿನಂತೆ, 49 ಲಕ್ಷ ಬ್ಯಾರಲ್. ಕ್ಯಾಮೆರಾಕ್ಕೆ ದಿಬ್ಬ ಚೆನ್ನಾಗಿ ಕಾಣುತ್ತದೆ, ಅದು ನಿಜ.

ರಾಜಕೀಯ ನಿಜವಾಗಿ ಎಡವಿದ್ದು ಅಪಘಾತಕ್ಕೆ ಎಷ್ಟೋ ವರ್ಷ ಮೊದಲೇ. ತೈಲದ ರಾಯಧನ ವಸೂಲಿ, ರಿಗ್‌ಗಳ ಸುರಕ್ಷತೆಯ ತಪಾಸಣೆ ಎರಡನ್ನೂ ಒಂದೇ ಸರ್ಕಾರಿ ಸಂಸ್ಥೆಗೆ ವಹಿಸಿದ್ದರು. ಕೊರೆದಷ್ಟೂ ಬೊಕ್ಕಸ ತುಂಬುವ ಕಡೆ ‘ನಿಲ್ಲಿಸಿ’ ಎನ್ನುವ ಅಧಿಕಾರಿ ಎಲ್ಲಿ ಸಿಕ್ಕಾನು? ಎರಡೂ ಪಕ್ಷಗಳ ಸರ್ಕಾರಗಳು ಈ ಏರ್ಪಾಟನ್ನು ಸಾಕಿಕೊಂಡು ಬಂದಿದ್ದವು. ಅಪಘಾತದ ನಂತರ ಆ ಸಂಸ್ಥೆಯನ್ನು ಒಡೆದರು. ನನ್ನ ಮಟ್ಟಿಗೆ, ಆ ಬೇಸಿಗೆಯ ಅಷ್ಟೂ ಭಾಷಣಗಳಿಗಿಂತ ಇದೇ ದೊಡ್ಡ ಕೆಲಸ.

ಇನ್ನೊಂದು ಕೆಲಸ ಬಾಕಿ ಉಳಿಯಿತು. 1990ರ ಕಾನೂನಿನ ಪ್ರಕಾರ ಕಡಲ ಬಾವಿಯ ಸೋರಿಕೆಗೆ ಕಂಪನಿ ತೆರಬೇಕಾದ ನಷ್ಟಪರಿಹಾರಕ್ಕೆ 7.5 ಕೋಟಿ ಡಾಲರಿನ ಮಿತಿಯಿತ್ತು. ಅದನ್ನು ತೆಗೆದುಹಾಕುವ ಮಸೂದೆಗೆ 2010ರಲ್ಲಿ ಕೆಳಮನೆ ಒಪ್ಪಿತು; ಸೆನೆಟ್ ಒಪ್ಪಿಗೆ ಕೊಡಲಿಲ್ಲ. 2014ರಲ್ಲಿ ಹಣದುಬ್ಬರಕ್ಕೆ ಸರಿಹೊಂದಿಸಿ ಮಿತಿಯನ್ನು ಸುಮಾರು 13.4 ಕೋಟಿ ಡಾಲರಿಗೆ ಏರಿಸಿದರು.