ಬಡ ವಿದ್ಯಾರ್ಥಿಯ ಅನ್ನ



ಬಡ ಹುಡುಗನೊಬ್ಬನು ವಿದ್ಯಾವಂತನಾಗಬೇಕಾದರೆ ಮೊದಲು ಏನು ಬೇಕು ಎಂದು ಕೇಳಿದರೆ, ನಮ್ಮಲ್ಲಿ ಹೆಚ್ಚು ಮಂದಿ ಶಾಲೆ ಎನ್ನುವರು, ಕೆಲವರು ಪುಸ್ತಕವೆನ್ನುವರು, ಒಳ್ಳೆಯ ಉಪಾಧ್ಯಾಯರೆಂದು ಹೇಳುವವರೂ ಉಂಟು. ಇವೆಲ್ಲವೂ ಬೇಕಾದವುಗಳೇ. ಆದರೆ ಹಳ್ಳಿಯಿಂದ ಬರಿಗೈಯಲ್ಲಿ ಪಟ್ಟಣಕ್ಕೆ ಬಂದ ಹುಡುಗನನ್ನೇ ಕೇಳಿ ನೋಡಿದರೆ ಅವನ ಉತ್ತರವೇ ಬೇರೆ. ಈ ರಾತ್ರಿಯ ಊಟವೆಲ್ಲಿ, ಮಲಗುವುದೆಲ್ಲಿ, ಓದಿಕೊಳ್ಳುವುದಕ್ಕೆ ದೀಪವೆಲ್ಲಿ ಎಂಬುದೇ ಅವನ ಮೊದಲನೆಯ ಚಿಂತೆ. ಶಾಲೆಯ ಬಾಗಿಲು ತೆರೆದಿದ್ದರೂ ಹಸಿದವನಿಗೆ ಅದು ಮುಚ್ಚಿದ ಬಾಗಿಲೇ ಸರಿ. ಆದಕಾರಣ ಶಾಲೆಗಳ ವಿಷಯವನ್ನು ಇಂದು ಬದಿಗಿಟ್ಟು, ಶಾಲೆಯ ಹಿಂದೆ ನಿಂತು ಅನ್ನವಿಕ್ಕುವ ವಿದ್ಯಾರ್ಥಿನಿಲಯಗಳನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ನಮ್ಮ ನಾಡಿನಲ್ಲಿ ಈ ಕಷ್ಟಕ್ಕೆ ಹಿಂದಿನಿಂದ ಬಂದ ಪರಿಹಾರವೆಂದರೆ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಏಳು ಜನ ತಾಯಂದಿರ ಕೈಯಡಿಗೆಯಿಂದ ವಿದ್ಯೆಯನ್ನು ಸಂಪಾದಿಸಿದವರು ನಮ್ಮ ಹಿಂದಿನ ತಲೆಮಾರುಗಳಲ್ಲಿ ಬಹಳ ಮಂದಿ ಇದ್ದರು. ಆ ತಾಯಂದಿರ ಔದಾರ್ಯವನ್ನು ಯಾರೂ ಮರೆಯಲಾಗದು. ಆದರೆ ವಾರಾನ್ನದ ಕಥೆಗೆ ಎರಡು ಮುಖಗಳಿವೆ. ಏಳನೆಯ ಮನೆ ಸಿಕ್ಕದ ಹುಡುಗನು ವಾರಕ್ಕೊಂದು ದಿನ ನೀರು ಕುಡಿದು ಮಲಗುತ್ತಿದ್ದನು. ಮನೆಯ ಯಜಮಾನನ ಮುಖ ನೋಡಿ, ತುಸು ತಡಮಾಡಿ ಬಂದು, ಬಾಗಿಲ ಮರೆಯಲ್ಲಿ ನಿಂತು, ಇನ್ನಷ್ಟು ಬೇಕೆಂದು ಕೇಳಲಾರದೆ ಎಲೆ ಬಿಟ್ಟು ಏಳುತ್ತಿದ್ದನು. ಇದು ಒಂದು. ಎರಡನೆಯದು ಇದಕ್ಕಿಂತ ದೊಡ್ಡದು. ವಾರಾನ್ನದ ಪಂಕ್ತಿಯಲ್ಲಿ ಕೂರುವುದಕ್ಕೂ ಜಾತಿಯ ಅನುಮತಿ ಬೇಕಾಗಿದ್ದಿತು. ಯಾರ ನೆರಳನ್ನು ಬೀದಿಯೇ ಸಹಿಸುತ್ತಿರಲಿಲ್ಲವೋ ಅಂಥವರ ಮಗುವಿಗೆ ವಾರ ಕೊಡುವ ಮನೆ ಯಾವುದು? ಹೆಣ್ಣು ಮಗುವೊಂದು ವಾರಾನ್ನ ಮಾಡಿ ಓದಿತೆಂಬ ಮಾತನ್ನು ನಾವು ಕೇಳಿದವರೇ ಅಲ್ಲ. ದಯೆಯು ತನ್ನ ಹೊಸಲಿನವರೆಗೆ ಮಾತ್ರ ನಡೆಯಬಲ್ಲುದು. ಹೊಸಲಿನಾಚೆ ಇರುವವರಿಗೆ ದಯೆ ಸಾಲದು, ಸಂಸ್ಥೆ ಬೇಕು.

ಮೈಸೂರು ಸಂಸ್ಥಾನದಲ್ಲಿ 1915ರಲ್ಲಿ, ಸರ್ಕಾರದ ಶಾಲೆಗಳಲ್ಲಿ ಯಾವ ಮಗುವನ್ನೂ ಜಾತಿಯ ಕಾರಣದಿಂದ ತಡೆಯಕೂಡದೆಂದು ಆಜ್ಞೆಯಾಯಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರವು, ಹಿಂದುಳಿದ ಕೋಮುಗಳವರಿಗೆ ವಿದ್ಯೆಯೂ ಉದ್ಯೋಗವೂ ದೊರೆಯುವ ಬಗೆಯನ್ನು ವಿಚಾರಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿತು. ಆಜ್ಞೆಗಳು ಶಾಲೆಯ ಬಾಗಿಲನ್ನು ತೆರೆದುವು. ಆದರೆ ಬಾಗಿಲವರೆಗೆ ಬರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಡಲು ಕೋಮುವಾರು ಸಂಘಗಳು ಮುಂದೆ ಬಂದುವು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥವು ಪಟ್ಟಣಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿದುವು. ಮಠಗಳೂ ಈ ಕಾರ್ಯಕ್ಕೆ ಕೈಹಾಕಿದುವು. ಕೋಮಿಗೊಂದು ನಿಲಯವೆಂಬುದು ಆದರ್ಶವಲ್ಲದಿರಬಹುದು; ಆದರೆ ರೈತನ ಮಗನು ಪಟ್ಟಣದಲ್ಲಿ ತಲೆಯೆತ್ತಿ ನಡೆಯಲು ಅವು ನೆಲೆ ಕೊಟ್ಟುವೆಂಬುದನ್ನು ನಾವು ಒಪ್ಪಲೇಬೇಕು.

ಕೋಮಿನ ಸಂಘವೂ ಇಲ್ಲದವರ, ಹಣವೂ ಇಲ್ಲದವರ ಮಕ್ಕಳಿಗಾಗಿ ದುಡಿದವರಲ್ಲಿ ಕುದ್ಮಲ್ ರಂಗರಾಯರ ಹೆಸರು ಮೊದಲು ಬರುತ್ತದೆ. 1859ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ವಕೀಲರಾಗಿದ್ದ ಇವರು 1897ರಲ್ಲಿ ದಲಿತ ವರ್ಗಗಳ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಶಾಲೆಗೆ ಉಪಾಧ್ಯಾಯರು ಸಿಕ್ಕುವುದೇ ದುಸ್ತರವಾಗಿದ್ದಿತು. ಸ್ವಂತ ಸಮಾಜವು ಅವರನ್ನು ಬಹಿಷ್ಕರಿಸಿತು. ಆದರೂ ಅವರು ಹಿಂದೆಗೆಯಲಿಲ್ಲ. ಶಾಲೆಗೆ ಬಂದ ಮಗುವಿಗೆ ಮಧ್ಯಾಹ್ನದ ಊಟವನ್ನು ಕೊಟ್ಟರು; ದೂರದಿಂದ ಬಂದವರಿಗೆ ವಸತಿಯನ್ನು ಏರ್ಪಡಿಸಿದರು; ಓದಿನೊಡನೆ ನೇಯ್ಗೆ, ಮರಗೆಲಸಗಳನ್ನು ಕಲಿಸಿದರು. ಮಗುವು ಶಾಲೆಗೆ ಬಂದರೆ ಮನೆಯಲ್ಲಿ ಒಂದು ಕೂಲಿ ತಪ್ಪುತ್ತದೆ, ಹಸಿವು ಹೆಚ್ಚುತ್ತದೆ ಎಂಬ ಸತ್ಯವನ್ನು ಅವರು ಪುಸ್ತಕದಿಂದ ಕಲಿತವರಲ್ಲ. ಗುಡಿಸಲುಗಳ ಮುಂದೆ ನಿಂತು ಕಂಡವರು. 1928ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ, ಊರು ಮುಟ್ಟಲಾರದೆ ದೂರವಿಟ್ಟಿದ್ದ ಜನರೇ ಅವರ ದೇಹಕ್ಕೆ ಹೆಗಲು ಕೊಟ್ಟರೆಂದು ಹೇಳುತ್ತಾರೆ.

ನಮ್ಮ ನೆರೆಯ ಮರಾಠಿ ಸೀಮೆಯಲ್ಲಿ ಭಾವೂರಾವ್ ಪಾಟೀಲರು ಇನ್ನೊಂದು ದಾರಿಯನ್ನು ತೋರಿಸಿದರು. 1919ರಲ್ಲಿ ಅವರು ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರಿಗೂ ಒಂದೇ ನಿಲಯವನ್ನು ತೆರೆದರು. ಅಲ್ಲಿ ಹುಡುಗರೇ ಸರದಿಯಂತೆ ಅಡಿಗೆ ಮಾಡುತ್ತಿದ್ದರು, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು, ಹೊಲದಲ್ಲಿ ದುಡಿದು ತಮ್ಮ ಅನ್ನದ ಒಂದು ಪಾಲನ್ನು ತಾವೇ ಗಳಿಸುತ್ತಿದ್ದರು. 1927ರಲ್ಲಿ ಗಾಂಧೀಜಿಯವರು ಈ ನಿಲಯಕ್ಕೆ ಬಂದು, ಕೊಲ್ಲಾಪುರದ ಶಾಹು ಮಹಾರಾಜರ ಹೆಸರನ್ನು ಅದಕ್ಕೆ ಇಟ್ಟರು. ಹಣವಿಲ್ಲದ ದಿನಗಳಲ್ಲಿ ಭಾವೂರಾಯರ ಪತ್ನಿ ಲಕ್ಷ್ಮೀಬಾಯಿಯವರು ಹುಡುಗರ ಊಟಕ್ಕಾಗಿ ತಮ್ಮ ಒಡವೆಗಳನ್ನು, ಕಡೆಗೆ ಮಾಂಗಲ್ಯವನ್ನೂ ಕೊಟ್ಟರು. ದಾನವನ್ನು ಪಡೆದವನೆಂಬ ಕುಗ್ಗು ಆ ಹುಡುಗರ ಮನಸ್ಸಿನಲ್ಲಿ ಉಳಿಯದಂತೆ ಮಾಡಿದ್ದೇ ಈ ನಿಲಯದ ವಿಶೇಷ. ಗುದ್ದಲಿ ಹಿಡಿದ ಕೈ ಅನ್ನಕ್ಕೆ ಚಾಚಿದ ಕೈಯಾಗಿರಲಿಲ್ಲ.

ಕನ್ನಡಿಗರಿಗೆ ಮೂರನೆಯ ಉದಾಹರಣೆಯನ್ನು ನಾವು ಹೆಸರಿಸುವ ಮೊದಲೇ ಹೊಳೆದಿರಬಹುದು. ತುಮಕೂರಿನ ಬಳಿಯ ಸಿದ್ಧಗಂಗಾ ಮಠದ ದಾಸೋಹದ ಒಲೆಯನ್ನು ಕಾಣದ ಕನ್ನಡಿಗರು ವಿರಳ. 1941ರಲ್ಲಿ ಮಠಾಧಿಪತಿಗಳಾದ ಶ್ರೀ ಶಿವಕುಮಾರ ಸ್ವಾಮಿಗಳು, ಜಾತಿ ಮತಗಳ ಭೇದವೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ನಡಸಿಕೊಂಡು ಬಂದರು. ಕಾಳು ಕಡ್ಡಿ ಸಾಲದ ವರ್ಷಗಳಲ್ಲಿ ಹಳ್ಳಿ ಹಳ್ಳಿ ತಿರುಗಿ ಭಿಕ್ಷೆಯೆತ್ತಿ ತಂದರು. 2019ನೆಯ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದುದು ಮಧ್ಯಾಹ್ನದ ಊಟಕ್ಕೆ ಮುಂಚೆ. ಆದರೆ ಮಕ್ಕಳ ಊಟ ಮುಗಿದ ಮೇಲೆಯೇ ಆ ಸುದ್ದಿಯನ್ನು ಹೊರಗೆಡಹಬೇಕೆಂಬುದು ಅವರ ಅಪೇಕ್ಷೆಯಾಗಿದ್ದಿತು, ಹಾಗೆಯೇ ನಡೆಯಿತು. ಮಕ್ಕಳು ತಮಗೊದಗಿದ ನಷ್ಟವನ್ನು ಅರಿಯದೆ ಆ ದಿನದ ಊಟವನ್ನು ಮುಗಿಸಿದರು. ಅನ್ನದಾನವನ್ನು ಕುರಿತು ಗ್ರಂಥಗಳಲ್ಲಿ ಎಷ್ಟು ಬರೆದಿದ್ದರೂ ಇದಕ್ಕಿಂತ ಹೆಚ್ಚಿನದನ್ನು ಹೇಳಲಾಗದು.

ಇಂಥ ಮಹಾತ್ಮರು ಊರಿಗೊಬ್ಬರಂತೆ ಹುಟ್ಟುವುದಿಲ್ಲ. ಆದುದರಿಂದ ಅವರು ಮಾಡಿ ತೋರಿಸಿದ ಕಾರ್ಯವನ್ನು ಸರ್ಕಾರವು ವಹಿಸಿಕೊಳ್ಳಬೇಕಾಯಿತು. 1972ರಲ್ಲಿ ಮುಖ್ಯಮಂತ್ರಿಗಳಾದ ದೇವರಾಜ ಅರಸರವರ ಕಾಲದಲ್ಲಿ ಹಿಂದುಳಿದ ವರ್ಗಗಳ ಮಕ್ಕಳ ವಿದ್ಯಾರ್ಥಿನಿಲಯಗಳಿಗೆ ಹೊಸ ಬಲ ಬಂದಿತು. ಶಾಲೆಯ ಮಕ್ಕಳಿಗೆ ಬೇಯಿಸಿದ ಊಟವನ್ನು ಕೊಡಬೇಕೆಂದು 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿದ ಬಳಿಕ, 2002ರಲ್ಲಿ ಅಕ್ಷರ ದಾಸೋಹವು ಉತ್ತರದ ಜಿಲ್ಲೆಗಳಲ್ಲಿ ಮೊದಲಾಗಿ, ಅನಂತರ ನಾಡಿಗೆಲ್ಲ ಹಬ್ಬಿತು. ಮಠದ ಮಾತಾಗಿದ್ದ ದಾಸೋಹವು ಸರ್ಕಾರದ ಕಡತಗಳ ಮಾತಾಯಿತು. ದೂರದ ಹಳ್ಳಿಗಳ ಹೆಣ್ಣು ಮಕ್ಕಳಿಗಾಗಿ 2004ರಿಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಆರಂಭವಾದುವು. ವಾರಾನ್ನದ ಕಾಲದಲ್ಲಿ ಯಾವ ಮನೆಯ ಬಾಗಿಲೂ ತೆರೆಯದಿದ್ದ ಮಗುವಿಗೆ ಈಗ ಕಾನೂನಿನ ಬಾಗಿಲು ತೆರೆದಿದೆ. ಇದು ಸಣ್ಣ ಮಾತಲ್ಲ.

ಇಷ್ಟಾದರೂ ಎಲ್ಲವೂ ಆಯಿತೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ನಿಲಯದ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದಿದ್ದರು. ದಾನಿಗಳೊಬ್ಬರು ಮಕ್ಕಳಿಗೆ ಹೊದಿಕೆಗಳನ್ನು ಕೊಡುವುದಿದ್ದಿತು. ಚಿತ್ರ ತೆಗೆಯುವವನು ಸಿದ್ಧನಾಗುವವರೆಗೆ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಒಬ್ಬ ಹುಡುಗನು, ಹತ್ತನೆಯ ತರಗತಿಯವನಿರಬೇಕು, ಹೊದಿಕೆಯನ್ನು ತೆಗೆದುಕೊಳ್ಳುವಾಗ ತಲೆ ತಗ್ಗಿಸಿದನು. ಚಿತ್ರದಲ್ಲಿ ಮುಖ ಕಾಣಬೇಕೆಂದು ಅವನ ಗಲ್ಲವನ್ನು ಹಿಡಿದು ಎತ್ತಿದರು. ಆ ಕ್ಷಣದಲ್ಲಿ ಅವನ ಕಣ್ಣನ್ನು ನಾವು ಕಂಡೆವು. ವಾರಾನ್ನದ ಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗನ ಕಣ್ಣು ಅದೇ. ಮನೆ ಬದಲಾಯಿಸಿದ್ದಿತು, ನಿಲುವು ಬದಲಾಗಿರಲಿಲ್ಲ. ವೇದಿಕೆಯ ಮೇಲೆ ಕುಳಿತಿದ್ದ ನಾವು ಏನನ್ನೂ ಹೇಳದೆ ಬಂದೆವು. ಆ ಮೌನದ ಸಾಲವನ್ನು ತೀರಿಸುವುದೂ ಈ ಭಾಷಣದ ಒಂದು ಉದ್ದೇಶ.

ನಾವು ಹೇಳಬೇಕಾದುದು ಇದೇ: ಅನ್ನವನ್ನು ಕೊಟ್ಟು ಮಾನವನ್ನು ತೆಗೆದುಕೊಂಡರೆ ಲೆಕ್ಕ ಸಮವಾಗುವುದಿಲ್ಲ. ವಿದ್ಯಾರ್ಥಿನಿಲಯದ ಯೋಗ್ಯತೆಯನ್ನು ಅಳೆಯಬೇಕಾದರೆ ಎಷ್ಟು ಮಕ್ಕಳಿದ್ದಾರೆ, ಎಷ್ಟು ಮಂದಿ ತೇರ್ಗಡೆಯಾದರು ಎಂದು ಕೇಳಿದರೆ ಸಾಲದು. ಮಗುವು ಎರಡನೆಯ ಸಲ ಸಾರು ಬೇಕೆಂದು ಅಂಜದೆ ಕೇಳುವುದೇ? ರಾತ್ರಿ ಜ್ವರ ಬಂದರೆ ಯಾರನ್ನು ಎಬ್ಬಿಸಬೇಕೆಂದು ಅದಕ್ಕೆ ಗೊತ್ತೇ? ಹೆಣ್ಣು ಮಕ್ಕಳ ಸ್ನಾನದ ಮನೆಗೆ ಭದ್ರವಾದ ಬಾಗಿಲುಂಟೇ? ನಿಲಯಪಾಲಕರು ಆ ನಿಲಯದಲ್ಲಿಯೇ ಉಣ್ಣುವರೇ? ಇವುಗಳನ್ನು ಕೇಳಬೇಕು. ಕುದ್ಮಲ್ ರಂಗರಾಯರು, ಲಕ್ಷ್ಮೀಬಾಯಿ, ಸಿದ್ಧಗಂಗೆಯ ಸ್ವಾಮಿಗಳು, ಇವರೆಲ್ಲರೂ ಮಕ್ಕಳ ನಡುವೆ ಬದುಕಿದವರೆಂಬುದನ್ನು ನೆನೆಯಬೇಕು.

ಇನ್ನೊಂದು ವಿಷಯ. ಅನಾಥ ಮಕ್ಕಳ ಆಲಯಗಳಲ್ಲಿ ಬೆಳೆದವರು ಹದಿನೆಂಟು ತುಂಬಿದೊಡನೆ ಹೊರಗೆ ಹೊರಡಬೇಕಾಗುತ್ತದೆ. 2015ರ ಬಾಲನ್ಯಾಯದ ಕಾನೂನು ಇಪ್ಪತ್ತೊಂದು ವರ್ಷದವರೆಗೆ ಅನಂತರದ ಆರೈಕೆಗೆ ಅವಕಾಶ ಮಾಡಿದೆ. ಆದರೆ ನಮ್ಮ ಸ್ವಂತ ಮಕ್ಕಳನ್ನು ಹದಿನೆಂಟನೆಯ ಹುಟ್ಟುಹಬ್ಬದ ಮರುದಿನ ಪೆಟ್ಟಿಗೆಯೊಡನೆ ಬೀದಿಗೆ ಕಳುಹಿಸುವವರು ನಮ್ಮಲ್ಲಿ ಯಾರಿದ್ದೇವೆ? ಬಾಡಿಗೆಯ ಕೋಣೆಗೆ ಜಾಮೀನು ನಿಲ್ಲುವವರೊಬ್ಬರು, ಮೊದಲನೆಯ ಕೆಲಸಕ್ಕೆ ಶಿಫಾರಸು ಬರೆಯುವವರೊಬ್ಬರು, ಹಬ್ಬದ ದಿನ ಮನೆಗೆ ಕರೆಯುವವರೊಬ್ಬರು ಆ ತರುಣನಿಗೆ ಬೇಕು. ಕಾನೂನು ಇದನ್ನೆಲ್ಲ ಮಾಡಲಾರದು. ಊರಿನ ಗೃಹಸ್ಥರು ಮಾಡಬಲ್ಲರು.

ಪಟ್ಟಣದಲ್ಲಿರುವ ವಿದ್ಯಾವಂತರಾದ ತಮ್ಮಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ತಮ್ಮ ಮನೆಗೆ ಸಮೀಪವಾದ ವಿದ್ಯಾರ್ಥಿನಿಲಯವೊಂದು ಇದ್ದೇ ಇರುವುದು. ಹಣವನ್ನು ಕಳುಹಿಸುವ ಮೊದಲು ಒಂದು ಸಂಜೆ ಅಲ್ಲಿಗೆ ಹೋಗಿ. ನಿಲಯಪಾಲಕರ ಅನುಮತಿಯನ್ನು ಪಡೆದು, ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕುಳಿತು, ಅವರುಂಡುದನ್ನೇ ಉಣ್ಣಿ. ಅನ್ನ ಬೆಂದಿದೆಯೇ, ಸಾರು ನೀರಾಗಿದೆಯೇ, ದೀಪವು ಓದುವಷ್ಟು ಬೆಳಕು ಕೊಡುವುದೇ ಎಂಬುದನ್ನು ಯಾವ ವರದಿಗಿಂತಲೂ ಚೆನ್ನಾಗಿ ಆಗ ತಿಳಿಯುವಿರಿ. ಗಣಿತವನ್ನೋ ಇಂಗ್ಲಿಷನ್ನೋ ಬಲ್ಲವರು ವಾರಕ್ಕೊಂದು ಗಂಟೆ ಪಾಠ ಹೇಳಬಹುದು. ಹಿಂದೆ ಹುಡುಗನು ವಾರಕ್ಕೊಂದು ದಿನ ನಮ್ಮ ಮನೆಗೆ ಬರುತ್ತಿದ್ದನು. ಈಗ ನಾವು ವಾರಕ್ಕೊಂದು ದಿನ ಅವನ ಮನೆಗೆ ಹೋಗೋಣ.