ನಮ್ಮ ಮೆಚ್ಚಿನ ಕೆಲವು ಛಾಯಾಚಿತ್ರಗಳು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ಏರ್ಪಟ್ಟ ಛಾಯಾಚಿತ್ರ ಪ್ರದರ್ಶನದ ಸಂದರ್ಭದಲ್ಲಿ ಮಾಡಿದ ಭಾಷಣ)



ಸಾಹಿತ್ಯ, ಸಂಗೀತ, ಯಕ್ಷಗಾನಗಳ ವಿಷಯವಾಗಿ ಬಲ್ಲವರು ಮಾತನಾಡುವ ಈ ವೇದಿಕೆಯ ಮೇಲೆ ಬರಿಯ ಹವ್ಯಾಸಿಗಳಾದ ನಮ್ಮನ್ನು ನಿಲ್ಲಿಸಿ, ನಮಗೆ ಮೆಚ್ಚಿಕೆಯಾದ ಚಿತ್ರಗಳ ಬಗೆಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. 'ನಾವು' ಎಂಬುದು ಇಲ್ಲಿ ದೊಡ್ಡಸ್ತಿಕೆಯ ಮಾತಲ್ಲ. ನಾವು ನಿಜವಾಗಿಯೂ ಮೂವರು. ಒಬ್ಬರು ಶಾಲಾ ಉಪಾಧ್ಯಾಯರು, ಒಬ್ಬರು ಅಂಚೆ ಕಚೇರಿಯ ಗುಮಾಸ್ತರು, ಮತ್ತೊಬ್ಬರು ಅಡಿಕೆ ತೋಟದವರು. 1969ರಲ್ಲಿ ಹಣ ಕೂಡಿಸಿ ಮೂವರ ನಡುವೆ ಒಂದು ಆಗ್ಫಾ ಕ್ಲಿಕ್ ಕ್ಯಾಮರಾವನ್ನು ಕೊಂಡೆವು. ಯಾವ ಚಿತ್ರವನ್ನು ಯಾರು ತೆಗೆದರೆಂಬ ಲೆಕ್ಕವನ್ನು ಇಡಕೂಡದೆಂದು ಅಂದೇ ಒಪ್ಪಂದವಾಯಿತು. ಉಪಾಧ್ಯಾಯರನ್ನು ನಾವಿಬ್ಬರೂ ಮಾಸ್ತರರೆಂದೇ ಕರೆಯುತ್ತಿದ್ದೆವು. ಅವರು 2019ರಲ್ಲಿ ತೀರಿಕೊಂಡರು. ಆದರೂ ಲೆಕ್ಕದಲ್ಲಿ ನಾವು ಇನ್ನೂ ಮೂವರೇ.

ಆ ಕ್ಯಾಮರಾದಲ್ಲಿ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ನೀಲಗಿರಿಯ ಉದಕಮಂಡಲದ ಕಾರ್ಖಾನೆಯಲ್ಲಿ 'ಇಂದು' ಎಂಬ ಹೆಸರಿನ ಫಿಲ್ಮ್ ತಯಾರಾಗುತ್ತಿದ್ದ ಕಾಲವದು. ಚಂದ್ರನ ಹೆಸರನ್ನು ಫಿಲ್ಮಿಗೆ ಇಟ್ಟವರ ರಸಿಕತೆಯನ್ನು ನಾವು ಇಂದಿಗೂ ಮೆಚ್ಚುತ್ತೇವೆ. ಆ ಕಾರ್ಖಾನೆ ಈಗಿಲ್ಲ. ಹನ್ನೆರಡೇ ಚಿತ್ರವೆಂದ ಮೇಲೆ ಗುಂಡಿ ಒತ್ತುವ ಮುನ್ನ ಮೂವರೊಳಗೆ ಚರ್ಚೆ ನಡೆಯಬೇಕು. ಚರ್ಚೆ ಮುಗಿಯುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು. ಹಾಗಾಗಿ ನಮ್ಮ ಸಂಗ್ರಹದಲ್ಲಿ ಹಕ್ಕಿಗಳು ಕಡಿಮೆ, ಮರಗಳೂ ಬಂಡೆಗಳೂ ಹೆಚ್ಚು.

ಮೊದಲಿಗೆ ಬೇಕಲದ ಕೋಟೆ. ಇಕ್ಕೇರಿಯ ಶಿವಪ್ಪ ನಾಯಕನು 1650ರ ಸುಮಾರಿಗೆ ಕಟ್ಟಿಸಿದನೆನ್ನುವ ಈ ಕೋಟೆಯ ಬುರುಜನ್ನೂ ಅದರ ಹಿಂದೆ ಕಡಲಿಗಿಳಿಯುವ ಸೂರ್ಯನನ್ನೂ ತೆಗೆಯದ ಛಾಯಾಗ್ರಾಹಕನು ನಮ್ಮ ಜಿಲ್ಲೆಯಲ್ಲಿ ಇರಲಾರನು. 1995ರ 'ಬಾಂಬೆ' ಚಲನಚಿತ್ರದ ಹಾಡೊಂದನ್ನು ಅಲ್ಲಿ ಚಿತ್ರಿಸಿದ ಮೇಲಂತೂ ದೂರದೂರದವರು ಬಂದು ಅದೇ ಚಿತ್ರವನ್ನು ತೆಗೆದುಕೊಂಡು ಹೋಗುತ್ತಿದ್ದಾರೆ. ನಮ್ಮಲ್ಲಿಯೂ ಅದಿದೆ, ಚೆನ್ನಾಗಿಯೂ ಇದೆ. ಅಷ್ಟೇ.

ನಮಗೆ ಹೆಚ್ಚು ಪ್ರಿಯವಾದುದು ಪದವಿನ ಚಿತ್ರ. ಅನಂತಪುರ, ಸೀತಾಂಗೋಳಿಗಳ ಸುತ್ತಣ ಮುರಕಲ್ಲಿನ ಪದವುಗಳನ್ನು ತಾವೆಲ್ಲರೂ ಬಲ್ಲಿರಿ. ಈ ಕಲ್ಲಿಗೆ 'ಲ್ಯಾಟರೈಟ್' ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ, ಮಲಬಾರಿನ ಕಲ್ಲನ್ನು ಕಂಡು. ಬೇಸಗೆಯಲ್ಲಿ ಆ ಪದವಿನ ಮೇಲೆ ನಿಂತರೆ ಸುಟ್ಟ ಹಂಚಿನ ಮೇಲೆ ನಿಂತಂತೆ. ಕಪ್ಪು ಬಂಡೆ, ಒಣಹುಲ್ಲು, ಬಿಸಿಗಾಳಿ. ಇಲ್ಲಿ ಏನೂ ಬೆಳೆಯದೆಂದು ಕಂದಾಯದ ಕಾಗದದಲ್ಲಿ ಬರೆದರೆ ಅಚ್ಚರಿಪಡಬೇಕಾಗಿಲ್ಲ. ಜೂನ್ ತಿಂಗಳ ಮಳೆ ಬಿದ್ದು ಎರಡು ತಿಂಗಳು ಕಳೆಯಲಿ. ಅದೇ ಬಂಡೆಯ ಕುಳಿಗಳಲ್ಲಿ ಬೆರಳ ತುದಿಯಷ್ಟು ನೀರು ನಿಂತು, ನೀಲಿ ಹೂಗಳು ನೆಲದ ಮೇಲೆ ಹಾಸಿದಂತೆ ಅರಳುವುವು. ಯುಟ್ರಿಕುಲೇರಿಯಾ ಎಂಬ ಕುಲದ ಈ ಸಸ್ಯವು ಕೀಟಾಹಾರಿ. ಮೇಲೆ ಸಾಧುವಾದ ಹೂವು. ಕೆಳಗೆ ಕೆಸರಿನಲ್ಲಿ ಸೂಕ್ಷ್ಮವಾದ ಚೀಲಗಳಿದ್ದು, ಹತ್ತಿರ ಸುಳಿದ ಅಣುಜೀವಿಗಳನ್ನು ಒಳಗೆಳೆದುಕೊಂಡು ಜೀರ್ಣಿಸಿಕೊಳ್ಳುತ್ತದೆ. ಬಂಡೆಯಲ್ಲಿ ಸಾರವಿಲ್ಲವಾದುದರಿಂದ ಗಿಡ ಕಂಡುಕೊಂಡ ಉಪಾಯವಿದು.

ಈ ಹೂವಿನ ಎತ್ತರ ಒಂದು ಗೇಣಿಗೂ ಕಡಿಮೆ. ಅದರ ಮುಖ ಕಾಣಬೇಕಾದರೆ ಛಾಯಾಗ್ರಾಹಕನು ನೀರಿನಲ್ಲಿ ಬೋರಲಾಗಿ ಮಲಗಬೇಕು. ಒಬ್ಬರು ಮಲಗುವುದು, ಒಬ್ಬರು ಕೊಡೆ ಹಿಡಿಯುವುದು, ಮತ್ತೊಬ್ಬರು ಮೇಯುವ ದನಗಳನ್ನು ದೂರ ಇಡುವುದು, ಹೀಗೆ ಕೆಲಸವನ್ನು ಹಂಚಿಕೊಂಡು 1986ರ ಆಗಸ್ಟಿನಲ್ಲಿ, ಆಗ ಹೊಸದಾಗಿ ಕೊಂಡಿದ್ದ ಪೆಂಟಾಕ್ಸ್ ಕ್ಯಾಮರಾದಿಂದ ಆ ಚಿತ್ರವನ್ನು ತೆಗೆದೆವು. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ನಿಂತು ನೋಡಿ, "ಇಷ್ಟು ದೊಡ್ಡವರಾಗಿ ಏನು ಕಳೆದುಕೊಂಡು ಹುಡುಕುತ್ತಿದ್ದೀರಿ ಮಕ್ಕಳೇ?" ಎಂದು ಕೇಳಿದರು.

ಮಲೆಯಾಳದಲ್ಲಿ ಇದಕ್ಕೆ 'ಕಾಕ್ಕಪ್ಪೂವು' ಎಂದು ಹೆಸರು. ಓಣಂ ಹಬ್ಬದ ಹೂವಿನ ರಂಗವಲ್ಲಿಗೆ ಇದನ್ನು ಕೊಯ್ದು ತರುವರು. ಮಾಸ್ತರರು ಚಿತ್ರದ ಹಿಂಬದಿಯಲ್ಲಿ ಆ ಹೆಸರನ್ನೇ ಬರೆದರು. ಕನ್ನಡದ ಹೊಸ ಹೆಸರೊಂದನ್ನು ಕಟ್ಟೋಣವೆಂದು ನಾವು ಸೂಚಿಸಿದಾಗ, "ಹೂ ಕೊಯ್ಯುವವರ ಬಾಯಲ್ಲಿ ಇರುವುದೇ ಹೆಸರು, ನಾವು ಮನೆಯಲ್ಲಿ ಕೂತು ಕಟ್ಟಿದುದು ಹೆಸರಲ್ಲ" ಎಂದುಬಿಟ್ಟರು. ಆ ಚಿತ್ರ ತೆಗೆದ ಪದವಿನ ಅರ್ಧಭಾಗ ಈಗ ಕೆಂಪುಕಲ್ಲಿನ ಕೋರೆ. ಯಂತ್ರದ ಗರಗಸದಿಂದ ಚೌಕವಾಗಿ ಕೊಯ್ದು, ಲಾರಿಯಲ್ಲಿ ಒಯ್ದು, ಮನೆ ಕಟ್ಟುತ್ತಾರೆ. ಆ ಕಲ್ಲಿನ ಮನೆಯಲ್ಲಿಯೇ ನಾವೂ ವಾಸಿಸುವವರಾದುದರಿಂದ ಕೋರೆಯವರನ್ನು ಬೈದು ಪ್ರಯೋಜನವಿಲ್ಲ. ಆದರೆ ಆ ಬಂಡೆ ಬರಿಯ ಬಂಡೆಯಲ್ಲ. ಮಳೆಯ ನೀರನ್ನು ಹೀರಿ, ಒಳಗೆ ಹಿಡಿದಿಟ್ಟು, ಕೆಳಗಣ ತೋಟಗಳ ಸುರಂಗಗಳಿಗೆ ಬೇಸಗೆಯವರೆಗೂ ಹನಿಹನಿಯಾಗಿ ಕೊಡುವುದು ಅದೇ. ನಮ್ಮ ಮುಂದಿನ ಚಿತ್ರ ಆ ಸುರಂಗದ್ದು.

ಬಾಯಾರು, ಪಡ್ರೆ, ಎಣ್ಮಕಜೆಯ ಕಡೆಯವರಿಗೆ ಸುರಂಗವೆಂದರೇನೆಂದು ಹೇಳಬೇಕಾಗಿಲ್ಲ. ಕಡಲ ಕರೆಯವರಿಗಾಗಿ ಹೇಳುವುದಾದರೆ, ಅದು ಗುಡ್ಡದ ಒಡಲಿಗೆ ಅಡ್ಡವಾಗಿ ತೋಡಿದ ಬಾವಿ. ಒಬ್ಬನು ಬಗ್ಗಿ ಹೋಗುವಷ್ಟೇ ಅಗಲ ಎತ್ತರ. ಕೆಲವು ನೂರು ಮೀಟರನ್ನೂ ಮೀರಿ ಒಳಗೆ ಸಾಗುವುವು. ನೀರಿನ ಒಸರು ಸಿಕ್ಕಿದರೆ ಅದು ತಾನಾಗಿ ಹೊರಗೆ ಹರಿದು ಬರುವುದು. ಏತ ಬೇಡ, ಪಂಪು ಬೇಡ, ವಿದ್ಯುತ್ತಿನ ಬಿಲ್ಲೂ ಇಲ್ಲ. ತೋಡುವವರು ಒಳಗೆ ಉರಿಯುವ ಮೇಣದ ಬತ್ತಿಯನ್ನು ಇಟ್ಟುಕೊಂಡಿರುವರು. ಬತ್ತಿ ಮಂಕಾದರೆ ಗಾಳಿ ಸಾಲದೆಂದು ಅರ್ಥ, ಕೂಡಲೇ ಹೊರಗೆ ಬರಬೇಕು.

ಅಲ್ಲಿ ಚಿತ್ರ ತೆಗೆಯುವುದು ಹೇಗೆ? ಫ್ಲಾಶ್ ಬೆಳಕು ಹೊಡೆದರೆ ಒದ್ದೆ ಗೋಡೆ ಬೆಳ್ಳಗೆ ಮಿಂಚಿ, ಉಳಿದುದೆಲ್ಲ ಕತ್ತಲೆಯಾಗುತ್ತದೆ. ತೋಟದ ಕೆಲಸಕ್ಕೆ ಬಂದಿದ್ದವರೊಬ್ಬರು ಉಪಾಯ ಹೇಳಿಕೊಟ್ಟರು. ಬೆಳಗಿನ ಬಿಸಿಲು ಸುರಂಗದ ಬಾಯಿಗೆ ಎದುರಾಗುವ ಹೊತ್ತಿಗೆ, ಮನೆಯ ಗೋಡೆಯ ದೊಡ್ಡ ಕನ್ನಡಿಯನ್ನು ತಂದು, ಸೂರ್ಯನ ಬೆಳಕನ್ನು ಒಳಕ್ಕೆ ತಿರುಗಿಸಿದರು. ಸುರಂಗದ ಉದ್ದಕ್ಕೂ ಹಳದಿ ಬೆಳಕು ಓಡಿತು. ಗೋಡೆಯ ಮೇಲೆ ಹಾರೆಯ ಒಂದೊಂದು ಏಟಿನ ಗುರುತೂ ಎದ್ದು ಕಂಡಿತು. ಮುಕ್ಕಾಲಿಯ ಮೇಲೆ ಕ್ಯಾಮರಾ ನಿಲ್ಲಿಸಿ, ಎಂಟು ಎಣಿಸುವವರೆಗೆ ಕಿಂಡಿಯನ್ನು ತೆರೆದಿಟ್ಟೆವು. ಈ ಚಿತ್ರದಲ್ಲಿ ಮನುಷ್ಯರಿಲ್ಲ. ಆದರೆ ತೋಡಿದವನ ಕೈ ಇಡೀ ಗೋಡೆಯ ಮೇಲೆ ಇದೆ. ನಮ್ಮ ಎಲ್ಲ ಚಿತ್ರಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿರೆಂದರೆ ಇದನ್ನೇ ಉಳಿಸಿಕೊಳ್ಳುವೆವು.

ಅನಂತಪುರದ ಕೆರೆಯ ನಡುವಣ ದೇವಸ್ಥಾನದ ಮೊಸಳೆ ಬಬಿಯಾಳ ಚಿತ್ರವನ್ನು ಇಲ್ಲಿ ಪ್ರದರ್ಶನಕ್ಕೆ ಇಟ್ಟೊಡನೆ ಮಕ್ಕಳು ಮುತ್ತಿಕೊಂಡರು. ದೇವರ ನೈವೇದ್ಯದ ಅನ್ನವನ್ನುಂಡು ಎಷ್ಟೋ ದಶಕ ಆ ಕೆರೆಯಲ್ಲಿ ಬಾಳಿದ ಆ ಜೀವ 2022ರ ಅಕ್ಟೋಬರ್ 9ರಂದು ಅಳಿಯಿತು. ಅಂದು ಎರಡು ರಾಜ್ಯಗಳ ಪತ್ರಿಕೆಗಳೂ ಬರೆದುವು. 2023ರಲ್ಲಿ ಅದೇ ಕೆರೆಯಲ್ಲಿ ಬೇರೊಂದು ಮೊಸಳೆ ಕಾಣಿಸಿಕೊಂಡಿತು. ನಮ್ಮ ಚಿತ್ರದಲ್ಲಿ ಇರುವುದು ನೀರಿನ ಮೇಲೆ ಮೂಗಿನ ತುದಿ ಮತ್ತು ಎರಡು ಕಣ್ಣು ಮಾತ್ರ. ಇನ್ನೂ ಹತ್ತಿರದ ಚಿತ್ರ ಬೇಕಿತ್ತೆಂದು ಹಲವರು ಹೇಳಿದ್ದುಂಟು. ಕಾಯುವ ಭಕ್ತರಿಗೆ ಅವಳು ಎಷ್ಟು ಕಾಣುತ್ತಿದ್ದಳೋ ಅಷ್ಟೇ ಚಿತ್ರದಲ್ಲಿಯೂ ಇರುವುದು ನ್ಯಾಯವೆಂದು ನಮ್ಮ ಮತ.

ಪ್ರವಾಸದ ಚಿತ್ರಗಳಿಗೆ ಬರೋಣ. ಜೋಗದ ಜಲಪಾತವನ್ನು 1974ರ ಮಳೆಗಾಲದಲ್ಲಿ ತೆಗೆದೆವು. 830 ಅಡಿ ಎತ್ತರದಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್‌ಗಳಲ್ಲಿ ನಮಗೆ ಸಿಕ್ಕಿದುದು ರಾಣಿ ಮಾತ್ರ. ಉಳಿದ ಮೂವರನ್ನು ಮಂಜು ನುಂಗಿತ್ತು. ಲಿಂಗನಮಕ್ಕಿಯ ಅಣೆಕಟ್ಟು ಮುಗಿದ 1964ಕ್ಕೆ ಮುಂಚೆ ನೀರು ಹೇಗೆ ಬೀಳುತ್ತಿದ್ದಿತೆಂಬುದನ್ನು ಹಿರಿಯರ ಚಿತ್ರಗಳಿಂದಲೇ ತಿಳಿಯಬೇಕು.

ಹಂಪಿಯ ವಿಷಯ ಬೇರೆ. ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ಎಲ್ಲರಂತೆ ನಾವೂ 1981ರಲ್ಲಿ ತೆಗೆದಿದ್ದೆವು. 2017ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿಯೂ ಆ ರಥವಿದೆ; ನೋಟನ್ನು ತೆಗೆದು ನೋಡಬಹುದು. ರಥದ ಮೇಲ್ಭಾಗ ಅಲ್ಲಿ ಚಪ್ಪಟೆಯಾಗಿದೆ. ಆದರೆ ಕರ್ನಲ್ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಆಂಗ್ಲ ಸೇನಾಧಿಕಾರಿ 1856ರಲ್ಲಿ, ಮೇಣ ಸವರಿದ ಕಾಗದವನ್ನೇ ನೆಗೆಟಿವ್ ಮಾಡಿಕೊಂಡು ಹಂಪಿಯಲ್ಲಿ ಚಿತ್ರಗಳನ್ನು ತೆಗೆದನು. ಅವನ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ! ಆ ಗೋಪುರ ಆಮೇಲೆ ಇಲ್ಲವಾಯಿತು. ಆ ಕಾಗದ ಉಳಿಯದಿದ್ದರೆ, ರಥ ಮೊದಲಿನಿಂದಲೂ ಹೀಗೆಯೇ ಇದ್ದಿತೆಂದು ನಾವೆಲ್ಲರೂ ನಂಬಿಬಿಡುತ್ತಿದ್ದೆವು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕನು ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ, ಅಲ್ಲಿಯೇ ನಿಂತು, ಅದೇ ದೃಶ್ಯಗಳನ್ನು ಮತ್ತೆ ತೆಗೆದನು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಡುವಣ 127 ವರ್ಷಗಳು ಕಣ್ಣಿಗೆ ಕಾಣುತ್ತವೆ.

ಈ ವಿಷಯವನ್ನು ಓದಿದ ದಿನದಿಂದ ಮಾಸ್ತರರು ಚಿತ್ರದ ಹಿಂಬದಿಯ ಬರಹಕ್ಕೆ ಒಂದು ಸಾಲನ್ನು ಹೆಚ್ಚಿಸಿದರು. ಊರು, ದಿನಾಂಕ, ಚಿತ್ರದಲ್ಲಿರುವ ವಸ್ತುವಿನ ಅಥವಾ ವ್ಯಕ್ತಿಯ ಹೆಸರು, ಇವು ಮೊದಲೇ ಇದ್ದುವು. ನಾಲ್ಕನೆಯದಾಗಿ, ನಾವು ಎಲ್ಲಿ ನಿಂತು ಯಾವ ದಿಕ್ಕಿಗೆ ಮುಖಮಾಡಿದ್ದೆವು ಎಂಬುದು. ಎಲ್ಲವೂ ಮೆತ್ತನೆಯ ಪೆನ್ಸಿಲಿನಿಂದ; ಶಾಯಿಯಾದರೆ ನಮ್ಮ ಮಳೆಗಾಲದ ತೇವಕ್ಕೆ ಹರಡಿ ಚಿತ್ರದ ಮುಂಬದಿಗೂ ಇಳಿಯುವುದು. ಆ ನಾಲ್ಕನೆಯ ಸಾಲಿನ ಬಲದಿಂದಲೇ, ತಲಪಾಡಿಯಿಂದ ತೆಂಕಣ ಹೆದ್ದಾರಿಯ ನೆರಳುದಾರಿಯ ನಮ್ಮ ಹಳೆಯ ಚಿತ್ರವನ್ನು, ರಸ್ತೆ ಆರು ಪಥವಾದ ಮೇಲೆ, ಅದೇ ಸ್ಥಳದಿಂದ ಮತ್ತೆ ತೆಗೆಯಲು ಸಾಧ್ಯವಾಯಿತು. ಎರಡೂ ಚಿತ್ರಗಳನ್ನು ಬಾಗಿಲ ಬಳಿ ತೂಗುಹಾಕಿದ್ದೇವೆ. ಮರಗಳನ್ನು ಎಣಿಸುವ ಕೆಲಸವನ್ನು ತಮಗೆ ಬಿಟ್ಟಿದ್ದೇವೆ.

ಹೆಸರಿನ ವಿಷಯವಾಗಿ ಗಡಿನಾಡಿನವರಾದ ನಾವು ಸ್ವಲ್ಪ ಹೆಚ್ಚು ಹೇಳಬೇಕಾಗುವುದು. ಕಿತ್ತಳೆ ಬಣ್ಣದ ಹಣ್ಣು ಬಿಟ್ಟ ಕಾಸರಕ ಮರದ ಚಿತ್ರವೊಂದು ಇಲ್ಲಿದೆ. ಬೀಜ ವಿಷ, ತಿರುಳನ್ನು ಮಂಗಟ್ಟೆ ಹಕ್ಕಿಗಳು ತಿನ್ನುವುದುಂಟು. ಕಾಸರಗೋಡಿಗೆ ಈ ಮರದಿಂದಲೇ ಹೆಸರು ಬಂದಿತೆಂದು ಒಂದು ಅಭಿಪ್ರಾಯ. 2023ರಲ್ಲಿ ಜಿಲ್ಲೆಯ ಮರವೆಂದು ಇದನ್ನೇ ಸಾರಲಾಯಿತು, 'ಕಾಂಜಿರಂ' ಎಂಬ ಮಲೆಯಾಳದ ಹೆಸರಿನಿಂದ. ಮರಕ್ಕೆ ಎರಡು ಹೆಸರು ಇರಬಾರದೆಂದು ನಾವು ಹೇಳುವುದಿಲ್ಲ. ಹೊಸದುರ್ಗವೆಂದರೂ ಪುದಿಯಕೋಟ್ಟವೆಂದರೂ ಅರ್ಥ ಒಂದೇ, ಹೊಸ ಕೋಟೆ. ಆದರೆ ಎರಡರಲ್ಲಿ ಒಂದನ್ನು ಯಾರೂ ಬರೆಯದೆ ಹೋದರೆ, ಮೂರನೆಯ ತಲೆಮಾರಿಗೆ ಅದು ಇರಲೇ ಇಲ್ಲವೆಂದಾಗುವುದು. ಕಲ್ಲಿನ ರಥದ ಗೋಪುರದಂತೆ. 2021ರ ಜೂನ್ ತಿಂಗಳಿನಲ್ಲಿ ಇಲ್ಲಿಯ ಊರ ಹೆಸರುಗಳ ಬದಲಾವಣೆಯ ವಿಷಯವಾಗಿ ಎರಡು ರಾಜ್ಯಗಳಲ್ಲಿಯೂ ದೊಡ್ಡ ಮಾತು ಎದ್ದಿತು. ಅಂತಹ ಯೋಚನೆಯೇ ಇಲ್ಲವೆಂದು ಕೇರಳ ಸರಕಾರ ಹೇಳಿತು. ಒಳ್ಳೆಯದೇ ಆಯಿತು. ಆದರೆ ಮನೆಮನೆಯ ಚಿತ್ರಗಳ ಹಿಂಬದಿ ಖಾಲಿಯಾಗಿರುವುದಕ್ಕೆ ಯಾವ ಸರಕಾರವೂ ಕಾರಣವಲ್ಲವಷ್ಟೆ!

ವಿದ್ಯಾರ್ಥಿಗಳು ಕೇಳಬಹುದು: ನಮ್ಮ ಮೊಬೈಲ್ ದಿನಾಂಕವನ್ನೂ ಸ್ಥಳವನ್ನೂ ತಾನೇ ಗುರುತಿಟ್ಟುಕೊಳ್ಳುವುದಲ್ಲವೆ, ಪೆನ್ಸಿಲೇಕೆ? ನಿಜ. ಅದು ಅಕ್ಷಾಂಶ ರೇಖಾಂಶಗಳನ್ನು ಬಲ್ಲದು. ಆ ಗದ್ದೆಯ ಹೆಸರನ್ನು ಅರಿಯದು, ಚಿತ್ರದಲ್ಲಿ ನಗುತ್ತಿರುವ ದೊಡ್ಡಮ್ಮ ಯಾರ ಮನೆಯವರೆಂದು ಅರಿಯದು. ಅದನ್ನು ತಾವೇ ಬರೆದಿಡಬೇಕು, ಮೊಬೈಲಿನಲ್ಲಿಯೇ ಬರೆದರೂ ಸರಿ.

ಕೊನೆಯದಾಗಿ ಒಂದು ಅರಿಕೆ. ಹಳೆಯ ಹಂಚಿನ ಮನೆಗಳನ್ನು ಕೆಡಹುವಾಗ, ಅಟ್ಟದಿಂದಲೂ ಪೆಟ್ಟಿಗೆಗಳಿಂದಲೂ ಹೊರಬಿದ್ದ ಚಿತ್ರಗಳನ್ನು ಕೆಲವರು ನಮಗೆ ತಂದು ಕೊಟ್ಟಿದ್ದಾರೆ. ನಾವು ತೆಗೆದುವಲ್ಲ, ತೆಗೆದವರು ಯಾರೋ. ಅವುಗಳಲ್ಲಿ 23 ಚಿತ್ರಗಳ ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲ. ಒಂದರಲ್ಲಿ ಹೊಳೆಯ ಕಡವು, ದೋಣಿ, ತಲೆಯ ಮೇಲೆ ಗೊರಬು ಹೊತ್ತ ನಾಲ್ವರು ಹೆಂಗಸರು. ಹೊಳೆ ಚಂದ್ರಗಿರಿಯೋ ಶಿರಿಯವೋ ತಿಳಿಯದು. ಇನ್ನೊಂದರಲ್ಲಿ ಶಾಲೆಯ ಜಗಲಿ, ಸಾಲಾಗಿ ಕುಳಿತ ಮಕ್ಕಳು. ಕರಿಹಲಗೆಯ ಮೇಲೆ ಕನ್ನಡ ಅಕ್ಷರಗಳು ಅರ್ಧ ಕಾಣುತ್ತವೆ. ಆ ಮಕ್ಕಳಿಗೆ ಈಗ ಎಪ್ಪತ್ತೋ ಎಂಬತ್ತೋ ಇರಬೇಕು. ಈ ಸಭೆಯಲ್ಲಿಯೇ ಇದ್ದರೂ ಇರಬಹುದು. ಆ 23 ಚಿತ್ರಗಳನ್ನು ಪಕ್ಕದ ಕೊಠಡಿಯ ಉದ್ದನೆಯ ಮೇಜಿನ ಮೇಲೆ ಇಟ್ಟಿದ್ದೇವೆ. ಒಂದೊಂದರ ಬಳಿಯೂ ಒಂದು ಚೀಟಿ, ಒಂದು ಪೆನ್ಸಿಲು ಇದೆ. ಕನ್ನಡಕ ಮರೆತು ಬಂದವರಿಗಾಗಿ ಭೂತಗನ್ನಡಿಯನ್ನೂ ಇಟ್ಟಿದ್ದೇವೆ. ಸಭೆ ಮುಗಿದೊಡನೆ ಹಿರಿಯರನ್ನು ಮೊದಲು ಒಳಗೆ ಬಿಡಬೇಕೆಂದು ಸ್ವಯಂಸೇವಕರಲ್ಲಿ ವಿನಂತಿ.