ಮಕ್ಕಳ ತಿಂಡಿಗೆ ಫಸಲಿನ ಮೊದಲ ಪಾಲು

(ಗ್ರಾಮಸ್ಥರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಫಸಲು ಕಣದಿಂದ ಮನೆಗೆ ಬಂದ ಕೂಡಲೇ ರೈತನು ಅದನ್ನು ಮೂರು ಪಾಲು ಮಾಡುವುದು ವಾಡಿಕೆ. ಬಿತ್ತನೆಗೆ ಒಂದು ಪಾಲು, ಪೇಟೆಗೆ ಒಂದು ಪಾಲು, ಮನೆಯ ಖರ್ಚಿಗೆ ಒಂದು ಪಾಲು. ಬಿತ್ತನೆಯ ಬೀಜವನ್ನು ಅವನು ಬಹು ಎಚ್ಚರಿಕೆಯಿಂದ ಆರಿಸುತ್ತಾನೆ. ಏತಕ್ಕೆಂದರೆ ಜೊಳ್ಳು ಬೀಜದಿಂದ ಒಳ್ಳೆಯ ಪೈರು ಏಳಲಾರದೆಂಬುದು ಅವನಿಗೆ ತಿಳಿದಿದೆ. ಪೇಟೆಗೆ ಹೋಗುವ ಮಾಲನ್ನೂ ತೂರಿ, ಕೇರಿ, ಹಸನು ಮಾಡುತ್ತಾನೆ. ಆದರೆ ಮನೆಯ ಮಕ್ಕಳ ಕೈಗೆ ಬರುವುದು ಅನೇಕ ವೇಳೆ ಆರಿಸಿ ಉಳಿದ ಮುರುಕು ಕಡಲೆಕಾಯಿ ಮತ್ತು ಮುಗ್ಗಲು ಕಾಳು. ಒಳ್ಳೆಯ ಕಾಯಿ ಮಾರಿದ ಹಣದಲ್ಲಿ ಸ್ವಲ್ಪ ಭಾಗವು ಬಣ್ಣದ ಮಿಠಾಯಿಯ ರೂಪದಲ್ಲಿಯೋ ಅಂಗಡಿಯ ಪೊಟ್ಟಣದ ರೂಪದಲ್ಲಿಯೋ ಅದೇ ಮಕ್ಕಳ ಬಾಯಿಗೆ ಹೋಗುತ್ತದೆ. ಈ ವ್ಯಾಪಾರದಲ್ಲಿ ನಷ್ಟ ಹೊಂದುವವನು ರೈತನೇ.

ಬೆಳೆಯುವ ಮಗುವಿನ ಹೊಟ್ಟೆ ಚಿಕ್ಕದು, ಅದರ ಅವಶ್ಯಕತೆಯಾದರೋ ದೊಡ್ಡದು. ದೊಡ್ಡವರಂತೆ ಎರಡು ಹೊತ್ತು ಉಂಡು ಸುಮ್ಮನಿರುವುದು ಅದಕ್ಕೆ ಸಾಲದು. ಊಟಗಳ ನಡುವೆ ಒಂದೆರಡು ಸಲ ಸಾರವುಳ್ಳ ತಿಂಡಿ ದೊರೆಯಬೇಕು. ಬರಿಯ ಸಕ್ಕರೆಯ ಮಿಠಾಯಿಯಲ್ಲಿ ಸಿಹಿಯುಂಟೇ ಹೊರತು ಮೂಳೆ ಮಾಂಸಗಳನ್ನು ಬೆಳೆಸುವ ಅಂಶವಿಲ್ಲ. ಆ ಅಂಶವು ರೈತನ ಕಣಜದಲ್ಲಿಯೇ ಇದೆ.

ಮೊದಲನೆಯದು ರಾಗಿ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ ಇರುವುದು ಸುಮಾರು ೧೦ ಮಿಲಿಗ್ರಾಂ ಮಾತ್ರ. ಮೂಳೆ ಹಲ್ಲುಗಳಿಗೆ ಸುಣ್ಣವೇ ಆಧಾರವೆಂಬುದನ್ನು ನೆನೆದರೆ ಈ ವ್ಯತ್ಯಾಸದ ಬೆಲೆ ತಿಳಿಯುವುದು. ಎರಡನೆಯದು ಕಡಲೆಕಾಯಿ. ಇದರ ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಸಸಾರಜನಕ, ಐದರಲ್ಲಿ ಎರಡು ಭಾಗಕ್ಕೂ ಮೇಲ್ಪಟ್ಟು ಎಣ್ಣೆ. ಹುರುಳಿ, ಹೆಸರು, ಅಲಸಂದೆಗಳಲ್ಲಿಯೂ ಸಸಾರಜನಕವು ಶೇಕಡಾ ೨೦ಕ್ಕೆ ಕಡಮೆಯಿಲ್ಲ. ಎಳ್ಳಿನಲ್ಲಿ ಸುಣ್ಣದ ಅಂಶವು ರಾಗಿಗಿಂತಲೂ ಹೆಚ್ಚು.

ಇವುಗಳಿಂದ ಮಾಡಬಹುದಾದ ತಿಂಡಿಗಳಲ್ಲಿ ನಾಲ್ಕನ್ನು ಇಲ್ಲಿ ವಿವರಿಸಿದೆ.

೧. ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ, ರಾತ್ರಿ ಇಡಬೇಕು. ಬೆಳಗ್ಗೆ ಚೆನ್ನಾಗಿ ಕಾದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ ಅರಳು ಮಾಡಿ, ಆರಿದ ತರುವಾಯ ಬೀಸಬೇಕು. ಈ ಹಿಟ್ಟಿಗೆ ಪುಡಿಮಾಡಿದ ಬೆಲ್ಲ, ಕಾಯಿತುರಿ, ಸ್ವಲ್ಪ ಹಾಲು ಅಥವಾ ತುಪ್ಪವನ್ನು ಸೇರಿಸಿದರೆ ಉಂಡೆಯಾಗುತ್ತದೆ. ತಿನ್ನುವಾಗ ಒಲೆ ಹೊತ್ತಿಸುವ ಕೆಲಸವಿಲ್ಲ.

೨. ಮೊಳಕೆ ರಾಗಿಯ ಗಂಜಿ. ರಾಗಿಯನ್ನು ಒಂದು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆಯ ಬಟ್ಟೆಯಲ್ಲಿ ಒಂದೆರಡು ದಿನ ಮೊಳಕೆ ಬರಿಸಿ, ಬಿಸಿಲಿನಲ್ಲಿ ಒಣಗಿಸಿ, ಮೊಳಕೆಯನ್ನು ಉಜ್ಜಿ ಕೇರಿ, ಹದವಾಗಿ ಹುರಿದು ಬೀಸಬೇಕು. ಮೊಳೆಯುವಾಗ ಕಾಳಿನೊಳಗಿನ ಗಂಜಿಯ ಅಂಶವು ಒಡೆಯುವುದರಿಂದ ಈ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಗಟ್ಟಿಯಾಗುವುದಿಲ್ಲ. ಆದಕಾರಣ ಸಣ್ಣ ಬಟ್ಟಲಿನಲ್ಲಿಯೇ ಮಗುವಿಗೆ ಹೆಚ್ಚು ಆಹಾರ ಸೇರುತ್ತದೆ.

೩. ಕಡಲೆಕಾಯಿ ಎಳ್ಳಿನ ಉಂಡೆ. ಎರಡು ಪಾವು ಹುರಿದ ಕಡಲೆಬೀಜ, ಅರ್ಧ ಪಾವು ಹುರಿದ ಎಳ್ಳು, ಒಂದು ಪಾವು ಪುಡಿಬೆಲ್ಲ. ಒರಳಿನಲ್ಲಿ ಕುಟ್ಟಿದರೆ ಬೀಜದ ಎಣ್ಣೆಯಿಂದಲೇ ಉಂಡೆ ಕಟ್ಟುವುದು, ಪಾಕ ಹಿಡಿಯಬೇಕಾಗಿಲ್ಲ. ಐದು ವರ್ಷಕ್ಕೆ ಕಡಮೆಯ ಮಕ್ಕಳಿಗೆ ಇಡೀ ಬೀಜವನ್ನು ಕೊಡಕೂಡದು. ಅದು ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವುಂಟು. ಅವರಿಗೆ ನುಣ್ಣಗೆ ಕುಟ್ಟಿಯೇ ಕೊಡಬೇಕು.

೪. ಮೊಳಕೆ ಕಾಳಿನ ಉಸಲಿ. ಹೆಸರು ಅಥವಾ ಹುರುಳಿಯನ್ನು ಮೊಳಕೆ ಬರಿಸಿ, ಸ್ವಲ್ಪ ಬೇಯಿಸಿ, ಕಾಯಿತುರಿ ಹಾಕಿ, ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಬೇಕು. ನಿಂಬೆಯಲ್ಲಿರುವ ಸಿ ಜೀವಸತ್ವವು ಕಾಳಿನ ಕಬ್ಬಿಣದ ಅಂಶವನ್ನು ಶರೀರವು ಹೀರಿಕೊಳ್ಳಲು ಸಹಾಯಕವಾಗುತ್ತದೆ. ಹಿತ್ತಿಲಿನ ಸೀಬೆ ಮತ್ತು ನೆಲ್ಲಿಯಿಂದಲೂ ಇದೇ ಪ್ರಯೋಜನವುಂಟು.

ಮಕ್ಕಳಿಗೆ ಅಂಗಡಿಯ ತಿಂಡಿ ರುಚಿಸುವುದು ಅದರ ಬಣ್ಣ ಆಕಾರಗಳಿಂದಲೇ ಹೆಚ್ಚು. ಸಂಕ್ರಾಂತಿಯಲ್ಲಿ ಸಕ್ಕರೆ ಅಚ್ಚು ಎರೆಯುವ ಮರದ ಅಚ್ಚುಗಳು ಎಷ್ಟೋ ಮನೆಗಳ ಅಟ್ಟದಲ್ಲಿ ವರ್ಷವೆಲ್ಲ ಸುಮ್ಮನೆ ಬಿದ್ದಿರುತ್ತವೆ. ಹುರಿಹಿಟ್ಟನ್ನೋ ಕಡಲೆಬೀಜದ ಹುಡಿಯನ್ನೋ ಅವುಗಳಲ್ಲಿ ಒತ್ತಿದರೆ ಗಿಳಿ, ಆನೆ, ತೇರುಗಳಾಗುವುವು. ಒತ್ತುವ ಕೆಲಸವನ್ನು ಮಕ್ಕಳಿಗೇ ಬಿಡುವುದು ಲೇಸು. ತಾವು ಮಾಡಿದ್ದನ್ನು ಅವರು ಬೇಡವೆನ್ನುವುದು ಅಪೂರ್ವ. ಹಬ್ಬದ ದಿನ ಬೀರುವ ಎಳ್ಳು, ಬೆಲ್ಲ, ಕಡಲೆಬೀಜ, ಹುರಿಗಡಲೆ, ಕೊಬ್ಬರಿಗಳ ಮಿಶ್ರಣಕ್ಕಿಂತ ಉತ್ತಮವಾದ ತಿಂಡಿಯನ್ನು ಹುಡುಕಬೇಕಾಗಿಲ್ಲ. ಅದನ್ನು ವರ್ಷಕ್ಕೊಂದು ದಿನಕ್ಕೆ ಮೀಸಲಿಡಬೇಕೆಂಬ ವಿಧಿಯೂ ಇಲ್ಲ. ಬೆಲ್ಲದ ತಿಂಡಿ ಹಲ್ಲಿಗೆ ಅಂಟುವುದರಿಂದ ತಿಂದ ಮೇಲೆ ಬಾಯಿ ಮುಕ್ಕಳಿಸುವ ಅಭ್ಯಾಸ ಮಾಡಿಸಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿ ಕೋಳಿಗಳು ಸತ್ತುವು. ವಿಚಾರಿಸಿ ನೋಡಲಾಗಿ, ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಹಿಡಿದು ವಿಷ ಹುಟ್ಟಿದ್ದುದು ಗೊತ್ತಾಯಿತು. ಅಫ್ಲಟಾಕ್ಸಿನ್ ಎಂಬ ಈ ವಿಷವು ಮನುಷ್ಯರ ಪಿತ್ತಜನಕಾಂಗಕ್ಕೂ ಹಾನಿಕರ. ಹುರಿಯುವುದರಿಂದಾಗಲಿ ಬೇಯಿಸುವುದರಿಂದಾಗಲಿ ಪೂರ್ತಿ ನಾಶವಾಗುವುದಿಲ್ಲ. ಮುರುಕು, ಸುಕ್ಕು, ಬಣ್ಣಗೆಟ್ಟ ಕಾಯಿಗಳಲ್ಲಿಯೇ ಇದು ಹೆಚ್ಚಾಗಿ ಸೇರಿರುತ್ತದೆ. ಎಂದರೆ ಆರಿಸಿ ತೆಗೆದ ಕಾಯಿಯನ್ನು ಮಕ್ಕಳಿಗೆ ಉಳಿಸುವವನು ಮಿತವ್ಯಯ ಮಾಡುತ್ತಿಲ್ಲ, ವಿಷವನ್ನು ಮನೆಗೆ ಉಳಿಸುತ್ತಿದ್ದಾನೆ. ಕಾಯನ್ನು ಕಿತ್ತ ಕೂಡಲೇ, ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುವವರೆಗೆ ಬಿಸಿಲಿನಲ್ಲಿ ಒಣಗಿಸಿ, ತೇವ ತಗಲದ ಕಡೆ ನೆಲದಿಂದ ಮೇಲೆ ಇಡಬೇಕು. ಕಹಿಯಾದ ಬೀಜವನ್ನು ಉಗುಳುವಂತೆ ಮಕ್ಕಳಿಗೆ ಕಲಿಸಬೇಕು. ಕೆಟ್ಟ ಕಾಯನ್ನು ಕರೆಯುವ ಹಸುವಿಗೂ ಹಾಕಬಾರದು. ವಿಷವು ಹಾಲಿಗೆ ಇಳಿಯುತ್ತದೆ.

ಇದಕ್ಕೆಲ್ಲ ಎಷ್ಟು ಧಾನ್ಯ ಬೇಕಾದೀತು? ಒಂದು ಮಗುವಿಗೆ ದಿನಕ್ಕೆ ೪೦ ಗ್ರಾಂ ರಾಗಿಯಂತೆ ವರ್ಷಕ್ಕೆ ಸುಮಾರು ೧೫ ಕಿಲೋಗ್ರಾಂ. ದಿನಕ್ಕೆ ೨೫ ಗ್ರಾಂ ಕಡಲೆಬೀಜದಂತೆ ವರ್ಷಕ್ಕೆ ೯ ಕಿಲೋಗ್ರಾಂ ಬೀಜ, ಅಂದರೆ ಸುಮಾರು ೧೩ ಕಿಲೋಗ್ರಾಂ ಕಾಯಿ. ವಾರಕ್ಕೆ ಎರಡು ಸಲ ಉಸಲಿಗೆ ೩ ಕಿಲೋಗ್ರಾಂ ಕಾಳು. ಎಲ್ಲ ಸೇರಿ ೩೧ ಕಿಲೋಗ್ರಾಂ. ಮೂರು ಮಕ್ಕಳಿರುವ ಮನೆಯಲ್ಲಿಯೂ ಇದು ಒಂದು ಕ್ವಿಂಟಾಲನ್ನು ಮುಟ್ಟುವುದಿಲ್ಲ. ಹಿಂದಿನ ಮೈಸೂರು ಸಂಸ್ಥಾನದ ಕಾಲದಿಂದಲೂ ಸುಧಾರಿಸಿದ ರಾಗಿ ತಳಿಗಳಿಂದ ಹುಟ್ಟುವಳಿ ಹೆಚ್ಚುತ್ತ ಬಂದಿದೆ. ಹೆಚ್ಚಿದ ಹುಟ್ಟುವಳಿಯಲ್ಲಿ ಇಷ್ಟು ಮಕ್ಕಳಿಗೆ ನಿಲ್ಲದಿದ್ದರೆ ಆ ಸುಧಾರಣೆಗೆ ಅರ್ಥವೇನು?

ಆದುದರಿಂದ ಬಿತ್ತನೆಯ ಬೀಜವನ್ನು ತೆಗೆದಿಟ್ಟ ದಿನವೇ, ಪೇಟೆಗೆ ಗಾಡಿ ಹೊರಡುವುದಕ್ಕೆ ಮುಂಚೆ, ಮಕ್ಕಳ ಪಾಲನ್ನು ಅದೇ ಎಚ್ಚರಿಕೆಯಿಂದ ಆರಿಸಿ ಬೇರೆ ಗುಡಾಣದಲ್ಲಿ ಇಡುವುದು ಪ್ರತಿ ಯಜಮಾನನ ಕರ್ತವ್ಯ. ಊರಿನ ಮುಖಂಡರಿಗೆ ಇನ್ನೊಂದು ಕರ್ತವ್ಯವೂ ಇದೆ. ಕಣದಲ್ಲಿ ದುಡಿದ ಕೂಲಿಯವರ ಮಕ್ಕಳಿಗೆ ಕಣಜವಿಲ್ಲ. ಸುಗ್ಗಿಯಲ್ಲಿ ಪ್ರತಿ ಹಿಡುವಳಿದಾರನೂ ಒಂದೊಂದು ಕೊಳಗ ರಾಗಿಯನ್ನೂ ಒಂದಿಷ್ಟು ಒಳ್ಳೆಯ ಕಾಯನ್ನೂ ಊರಿನ ಶಾಲೆಗೆ ಒಪ್ಪಿಸಿದರೆ, ಆ ಮಕ್ಕಳೂ ಮಧ್ಯಾಹ್ನದ ಮೇಲೆ ಒಂದೊಂದು ಉಂಡೆ ತಿಂದು ಮನೆಗೆ ಹೋಗುವರು. ಅದನ್ನು ಅಳೆದು, ಬರೆದಿಟ್ಟು, ಸರಿಯಾಗಿ ಹಂಚುವ ಏರ್ಪಾಡು ಮುಖಂಡರಿಂದಲೇ ಆಗತಕ್ಕದ್ದು.